ಅಂಗಿಯ ತೋಳಿಗೆ ಜೋಳದ ಹಿಟ್ಟು

ಗಂಡನ ಅಂಗಿಯ ತೋಳಿಗೆ ಈ ಗುರುವಾರವೂ ಜೋಳದ ಹಿಟ್ಟು ಮೆತ್ತಿತ್ತು. ವಿದ್ಯಾವತಿ ಅಂಗಿಯನ್ನು ಎರಡೇ ಬೆರಳಲ್ಲಿ ಎತ್ತಿ ಬಕೆಟ್ಟಿಗೆ ಹಾಕಿದಳು. ಬೆರಳುಗಳನ್ನು ಎರಡು ಸಲ ತೊಳೆದಳು.

ಅವನು ದುಡಿಯುವ ನಾಶಿಕದ ಸಾತಪುರ ಕಾರ್ಖಾನೆಯಲ್ಲಿ ಯಾರೂ ಹಿಟ್ಟು ನಾದುವುದಿಲ್ಲ. ಅವಳ ಮನೆಯಲ್ಲೂ ನಾದುವುದಿಲ್ಲ. ರೊಟ್ಟಿ ಪಕ್ಕದ ಪ್ರೇಮಾಬಾಯಿಯ ಮನೆಯಿಂದ ಬರುತ್ತದೆ. ಹಾಗಾದರೆ ರವಿಕಾಂತ ಯಾರ ಒಲೆಯ ಮುಂದೆ ಕೂತು ಬರುತ್ತಾನೆ?

"ಮನ್ಯಾಗ ಹೇಂತಿ ರೊಟ್ಟಿ ಬಡೀಲಿಲ್ಲಂದ್ರ ಗಂಡಸು ಎಲ್ಲಿರ ಉಂಡು ಬರ್ತಾನ," ಎಂದರು ಅತ್ತೆ ನಾಗಮ್ಮ, ಮೊಸರನ್ನವನ್ನು ಪಚಪಚ ಹಿಸುಕಿ ಕಲಸುತ್ತ. "ತವರಮನ್ಯಾಗ ಏನೂ ಕಲಿಸದೇ ಕಳಿಸ್ಯಾರ."

ಕಲಿಸಿದ್ದರು. ಅವ್ವ ಅವಳ ಕೈ ಹಿಡಿದು ಹಿಟ್ಟಿನೊಳಗೆ ಒತ್ತಿದ್ದಳು. ಬೆರಳ ಸಂದಿಗೆ ಹಿಟ್ಟು ನುಗ್ಗಿ ವಾಂತಿಯಾಗಿತ್ತು. ಸೊಕ್ಕು ಎಂದಿದ್ದರು ಎಲ್ಲರೂ. ವಿದ್ಯಾವತಿಯೂ ಅದನ್ನೇ ನಂಬಿದ್ದಳು.

ಈಗ ಆ ಸೊಕ್ಕಿನ ಫಲ. ರಿಪೇರಿಗೆಂದು ರವಿಕಾಂತ ಒಯ್ದ ಕುಕ್ಕರ್ ಮರಳಿ ಬಂದಿರಲಿಲ್ಲ. ಆ ಹೆಂಗಸಿನ ಮನೆಯಲ್ಲಿ ಸೀಟಿ ಹೊಡೆಯುತ್ತಿರಬೇಕು. ಅವನು ಅಪ್ಪಿಕೊಳ್ಳುವ ರೀತಿಯೂ ಬದಲಾಗಿತ್ತು. ಮೊದಲೆಲ್ಲ ಮೆಲ್ಲಗೆ ತೋಳು ಸವರುತ್ತಿದ್ದ, ಕಂಬಳಿಹುಳು ಹರಿದಂತಾಗುತ್ತಿತ್ತು. ಈಗ ಬಿಗಿಯಾಗಿ, ಅಲುಗದೆ ಹಿಡಿಯುತ್ತಾನೆ. ಅದು ಅವಳಿಗೆ ಹಿತವಾಗಿತ್ತು. ಬೇರೆ ಯಾರೋ ಕಲಿಸಿದ ಅಪ್ಪುಗೆ ಎಂದು ಹೊಳೆದ ದಿನ ಆ ಹಿತದ ಮೇಲೇ ಹೇಸಿಗೆ ಹುಟ್ಟಿತು.

ಮುಂದಿನ ಗುರುವಾರ ಅವಳು ಬ್ಯಾಗು ತುಂಬಿಟ್ಟಳು. ಸಂಜೆಯ ಬಸ್ಸಿಗೆ ಸಂಭಾಜಿನಗರ, ಅಣ್ಣ ಶಶಿಕಾಂತನ ಮನೆ. ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ. ಆದರೆ ಹೋಗುವ ಮೊದಲು ಆ ಹೆಂಗಸಿನ ಮುಖ ನೋಡಬೇಕು.

ಶಿಫ್ಟು ಬಿಟ್ಟಾಗ ಕಾರ್ಖಾನೆಯ ಗೇಟಿನೆದುರು ಆಟೋದಲ್ಲಿ ಕಾದಿದ್ದಳು. ಬೆವರಿಗೆ ಸೀಟು ತೊಡೆಗೆ ಅಂಟಿತು. ಆಟೋ ಹಿಂಬಾಲಿಸಿದ ರವಿಕಾಂತನ ಬೈಕು ಪಂಚವಟಿಯ ಗಲ್ಲಿಯೊಂದರಲ್ಲಿ ನಿಂತಿತು. ಪೂಜಾ ಸಾಮಾನಿನ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದ. ಅವಳೂ ಹತ್ತಿದಳು.

ಬಾಗಿಲ ಮೇಲೆ ಮರಾಠಿ ಬೋರ್ಡು: ಆಕ್ಯುಪೇಷನಲ್ ಥೆರಪಿ. ಉಡುವುದು, ಉಣ್ಣುವುದು, ಅಡುಗೆ, ಇಂಥ ನಿತ್ಯದ ಕೆಲಸಗಳಿಗೆ ನೆರವು. ಮನಸ್ಸು, ಇಂದ್ರಿಯ ಭಿನ್ನವಾಗಿರುವವರನ್ನು ಇದ್ದ ಹಾಗೇ ಒಪ್ಪುತ್ತೇವೆ.

ವಿದ್ಯಾವತಿ ಎರಡು ಸಲ ಓದಿದಳು. ಹಾಗಾದರೆ ಪ್ರೇಯಸಿಯಲ್ಲ, ರೋಗ. ತಲೆ ಸರಿಯಿಲ್ಲದವನನ್ನು ಮುಚ್ಚಿಟ್ಟು ತನ್ನ ಕೊರಳಿಗೆ ಕಟ್ಟಿದ್ದಾರೆ. ಹೇಸಿಗೆ ಇನ್ನಷ್ಟು ಹೆಚ್ಚಿತು.

ಒಳಗೆ ಪುಟ್ಟ ಅಡುಗೆಕಟ್ಟೆ. ರವಿಕಾಂತನ ಕೈ ಮೊಣಕೈವರೆಗೆ ಹಿಟ್ಟು. ಎದುರಿಗೆ ಕನ್ನಡಕದ ಹೆಂಗಸೊಬ್ಬಳು ನಗುತ್ತಿದ್ದಳು. ಮಾತು ಕಲಬುರಗಿ ಕಡೆಯದು.

"ಇದು ರೊಟ್ಟಿನೋ, ಮಹಾರಾಷ್ಟ್ರದ ನಕಾಶೆನೋ ರವಿಕಾಂತರೀ?"

"ನಾಶಿಕದ ಜಾಗ ಒಂದು ಹರಿದದ ನೋಡ್ರಿ ಅಶ್ವಿನಿ ಮೇಡಂ," ಎಂದ ಅವನು. ತಿರುಗಿ ನೋಡಿದವನ ನಗು ನಿಂತಿತು. "ಇವರು... ನಮ್ಮ ಮನಿಯವರು."

"ಯಾವಾಗಿಂದ ಅದ್ರಿ ಇವರಿಗಿ ಈ ರೋಗ?" ವಿದ್ಯಾವತಿಯ ದನಿ ತಣ್ಣಗಿತ್ತು. "ಮದುವಿಗಿ ಮುಂಚೆನೋ?"

ಅಶ್ವಿನಿ ರವಿಕಾಂತನತ್ತ ನೋಡಿದಳು. ಅವನು ಮೊದಲು ಕೈ ತೊಳೆದ. ಒರೆಸಿ, ಇನ್ನೊಮ್ಮೆ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಹೆಂಡತಿಯ ಹತ್ತಿರ ಬಂದ. ಹೇಳಿರಿ ಎಂಬಂತೆ ತಲೆಯಾಡಿಸಿದ.

"ರೋಗ ಅಲ್ರಿ. ಮತ್ತ ಇವರು ತಮ್ಮ ಸಲುವಾಗಿ ಬಂದೂ ಇಲ್ಲ," ಎಂದಳು ಅಶ್ವಿನಿ.

ವಿದ್ಯಾವತಿಯತ್ತ ತಿರುಗಿ ಅವಳೇ ಮುಂದುವರಿಸಿದಳು: "ಹೇಂತಿಗಿ ಅಂಟು ಹಿಟ್ಟು, ಕುಕ್ಕರಿನ ಸೀಟಿ, ಮೆಲ್ಲಗ ಮುಟ್ಟೋದು ಯಾವುದೂ ಆಗಿಬರಲ್ಲ, ಆಕೀನ ಸರಿ ಮಾಡಿಕೊಡ್ರಿ ಅಂತ ಬಂದಿದ್ರು. ನಿಮ್ಮ ಹೇಂತಿ ಇದ್ದ ಹಾಂಗೇ ಸರಿ ಅದಾರ, ರೊಟ್ಟಿ ನೀವೇ ಕಲೀರಿ ಅಂದೆ ನಾನು."