ಪಾಪಮ್ಮನ ಸೆರಗು

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಉಣ್ಣೆ ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯಲು ಹಟ್ಟಿಯವರೆಲ್ಲ ಕೆರೆಗಿಳಿದಿದ್ದರು. ಪಾಪಮ್ಮ ಮಾತ್ರ ಮೊಮ್ಮಗಳು ಅಂಕಮ್ಮ ನೀರಿಗಿಳಿಯದಂತೆ ಹಿಡಿದು ದಡದಲ್ಲೇ ಕೂತಿದ್ದಳು. ಮಗುವಿನ ಮೂಗು, ಬಾಯಿಯ ಸುತ್ತ ಗುಳ್ಳೆ ಒಡೆದು, ಜೇನು ಒಣಗಿದಂಥ ಹಳದಿ ಹಕ್ಕಳೆ ಕಟ್ಟಿತ್ತು. ಸಿಡುಬಿನಮ್ಮ ಬಂದಿದ್ದಾಳೆ, ನೀರು ಸೋಕಬಾರದು ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದವಳು ಪಾಪಮ್ಮನೇ.

ಸೊಸೆ ಮುನಿಲಕ್ಷ್ಮಮ್ಮ ಕಂಕುಳ ಕೂಸಿನೊಂದಿಗೆ ದಡ ಹತ್ತಿ ಬಂದಳು. "ಅತ್ತೆ, ಇಲ್ನೋಡಿ. ಇವನ ಗಲ್ಲದ ಮೇಲೂ ಎದ್ದೈತೆ. ನಾನು ಪಾಲಕೋಡ್ ಆಸ್ಪತ್ರೆಗೆ ಓಗ್ತೀನಿ."

"ಓಗ್ತೀಯಾ! ಅಮ್ಮನ್ನ ಸೂಜೀಲಿ ಚುಚ್ಚಿ ಓಡಿಸ್ತೀಯಾ?"

"ಕುರಿಗೆ ಕಜ್ಜಿ ಬಂದ್ರೆ ಬೇರೆ ಕಟ್ತೀರಿ. ಮಕ್ಳನ್ನ ಮಾತ್ರ ಒಂದೇ ಕಂಬ್ಳೀಲಿ ಮಲಗಿಸ್ತೀರಿ."

"ಅಮ್ಮ ಬಂದ ಮನೇಲಿ ಭೇದ ಮಾಡಿದ್ರೆ ಅವ್ಳು ಮುನಿಸ್ಕೋತಾಳೆ ಕಣೇ."

ಸೊಸೆ ನಡೆದೇಬಿಟ್ಟಳು. ಪಾಪಮ್ಮ ಅಂಕಮ್ಮನನ್ನು ಎತ್ತಿಕೊಂಡು ಬೈಯುತ್ತಲೇ ಹಿಂದೆ ಬಿದ್ದಳು. ಪಾಪಮ್ಮನ ಚೊಚ್ಚಲ ಮಗ ಮೈಮೇಲೆ ಅಮ್ಮ ಎದ್ದಿದ್ದಾಗ ಮಳೆಯಲ್ಲಿ ನೆನೆದು ತೀರಿಕೊಂಡಿದ್ದ. ಆ ಹೆದರಿಕೆ ಇನ್ನೂ ಹಸಿಯಾಗಿತ್ತು.

ಆಸ್ಪತ್ರೆಯ ಡಾಕ್ಟರು ಕುಪ್ಪಸ್ವಾಮಿ ಅಂಕಮ್ಮನ ಅಂಗೈ, ಅಂಗಾಲು ತಿರುಗಿಸಿ ನೋಡಿ, ಹಣೆ ಮುಟ್ಟಿದರು. "ಪಾಟ್ಟಿ, ಇದು ಅಮ್ಮೈ ಇಲ್ಲೆ" ಎಂದು ತಮಿಳಿನಲ್ಲಿ ಶುರುಮಾಡಿದವರು ಪಾಪಮ್ಮನ ಮುಖ ನೋಡಿ ಕನ್ನಡಕ್ಕೆ ಬಂದರು. "ಇದು ಅಮ್ಮ ಅಲ್ಲ ಅಜ್ಜಿ. ಅಮ್ಮ ಆಗಿದ್ರೆ ಮೈ ಸುಡ್ತಿತ್ತು, ಅಂಗೈಲೂ ಏಳ್ತಿತ್ತು. ಇದು ಅಂಟೋ ಹುಣ್ಣು. ಹಕ್ಕಳೆ ಅಡೀಲಿ ಕಣ್ಣಿಗೆ ಕಾಣದ ಹುಳ ಇರ್ತವೆ. ಬೆಚ್ಚಗಿನ ನೀರಲ್ಲಿ ನೆನೆಸಿ ಹಕ್ಕಳೆ ತೆಗೀರಿ, ಸೋಪಲ್ಲಿ ತೊಳೆದು ಈ ಊದಾ ಮದ್ದು ಹಚ್ಚಿ."

"ಈ ಕೂಸಿಗೆ ಎಂಗೆ ಅಂಟ್ತು ಸಾಮಿ? ಇನ್ನೂ ನೆಲಕ್ಕೇ ಇಳಿದಿಲ್ಲ" ಎನ್ನುತ್ತಲೇ ಪಾಪಮ್ಮ ಅಂಕಮ್ಮನ ಸೋರುವ ಮೂಗನ್ನು ಸೆರಗಿನಿಂದ ಒರೆಸಿ, ಅದೇ ತುದಿಯಿಂದ ಕೂಸಿನ ಜೊಲ್ಲನ್ನೂ ಒರೆಸಿದಳು.

ಡಾಕ್ಟರು ಸೆರಗನ್ನೇ ನೋಡಿದರು. ಸೊಸೆಯೂ ನೋಡಿದಳು. ಪಾಪಮ್ಮ ತುದಿಯನ್ನು ಬಿಡಿಸಿ ಹಿಡಿದಳು. ಹಳದಿ ಕಲೆ ಗಂಜಿ ಹಾಕಿದಂತೆ ಬಿರುಸಾಗಿತ್ತು.

"ಅಯ್ಯೋ, ನಾನೇ ಹೊತ್ಕೊಂಡು ತಿರುಗ್ತಿದ್ನಾ?"

"ಕುದಿಯೋ ನೀರಿಗೆ ಹಾಕಿದ್ರೆ ಹೋಗುತ್ತೆ, ಪಾಟ್ಟಿ. ಅಳಬೇಡಿ."

ಮನೆಯಲ್ಲಿ ನೀರಿನ ಬಟ್ಟೆಯನ್ನು ಹಕ್ಕಳೆಗೆ ಸೋಕಿಸುವ ಮೊದಲು ಅವಳು, ಮುನಿಯಬೇಡ ತಾಯಿ ಎಂದು ಮಾರಮ್ಮನಿಗೆ ಮೊಸರನ್ನದ ಹರಕೆ ಹೊತ್ತಳು. ಸಂಜೆಯವರೆಗೂ ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡಿದಳು. ತಣ್ಣಗೇ ಇತ್ತು. ಮಾರನೆಯ ದಿನ ತಾನೇ ಸೋಪು ಹಚ್ಚಿ ತೊಳೆದಳು. ಅಂಕಮ್ಮನಿಗೆ ಬೇರೆ ಕಂಬಳಿ ಬಂತು, ಒರೆಸಲು ಒಬ್ಬೊಬ್ಬರಿಗೆ ಒಂದೊಂದು ಬಟ್ಟೆ ಬಂತು. ಊದಾ ಮೂತಿಯ ಹುಡುಗಿಯನ್ನು ಹಟ್ಟಿಯ ಮಕ್ಕಳು "ನೇರಳೆಹಣ್ಣು ಕದ್ದೋಳೇ" ಎಂದು ಅಣಕಿಸಿದರು. ಉಣ್ಣೆಯ ಕೆಲಸ ಮುಗಿಯುವ ಹೊತ್ತಿಗೆ ಅಣಕಿಸಲು ಬಣ್ಣವೂ ಉಳಿದಿರಲಿಲ್ಲ, ಹುಣ್ಣೂ ಉಳಿದಿರಲಿಲ್ಲ. ಕೂಸಿನ ಗಲ್ಲವೂ ನುಣ್ಣಗಾಗಿತ್ತು.

ಮಂಗಳವಾರ ಪಾಪಮ್ಮ ಗಡಿಗೆ ತುಂಬ ಮೊಸರನ್ನ ಕಲಸಿಕೊಂಡು ಮಾರಮ್ಮನ ಗುಡಿಗೆ ಹೊರಟಳು. ಮುನಿಲಕ್ಷ್ಮಮ್ಮನಿಗೆ ನಗು ತಡೆಯಲಿಲ್ಲ. "ಅಮ್ಮ ಬಂದೇ ಇರ್ಲಿಲ್ವಲ್ಲ ಅತ್ತೆ, ಮತ್ಯಾಕೆ ಹರಕೆ ತೀರಿಸೋದು?"

"ಬರ್ದೆ ಇದ್ದಿದ್ದಕ್ಕೇ ಕಣೇ" ಎಂದು ಪಾಪಮ್ಮ ಗಡಿಗೆಯನ್ನು ತಲೆಗೇರಿಸಿದಳು.