ಬಲ ಮೂಲೆಯಲ್ಲಿ ಬೋಜ

"ಕೈ ಕೊಡು!" ಎಂದು ತೀರ್ಥರಾಮ ಕೂಗಿದಾಗ ಬೋಜ ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದ. ಆ ಸಂದಿನಲ್ಲೇ ನುಸುಳಿದ ಪುತ್ತೂರಿನ ದಾಳಿಗಾರ ಬೋಜನ ಕಡಬ ತಂಡದ ಇನ್ನೊಬ್ಬನನ್ನು ಮುಟ್ಟಿ ಮರಳಿದ, ಅಂಕಗಳು ಸಮವಾದವು. ಕಡಬದವರ ದಾಳಿ ಬರಿಗೈಯಲ್ಲಿ ಹಿಂದಿರುಗಿತು. ಉಳಿದದ್ದು ಪುತ್ತೂರಿನವರ ಕೊನೆಯ ದಾಳಿಯೊಂದೇ.

ಕಬಡ್ಡಿಯಲ್ಲಿ ಮೂಲೆಯವನು ಪಕ್ಕದವನ ಕೈಯ ಆಧಾರವಿಲ್ಲದೆ ಮುನ್ನುಗ್ಗಲಾರ. ಕಾಲು ಉಳುಕಿಸಿಕೊಂಡು ಹೊರಗೆ ಕುಳಿತಿದ್ದ ಮಾಯಿಲಪ್ಪನಿಗೆ ಪಕ್ಕದಲ್ಲಿ ನಿಲ್ಲುವ ತೀರ್ಥರಾಮನ ಕೈ ಸಹಜವಾಗಿ ಸಿಗುತ್ತಿತ್ತು. ಅವನ ಬದಲಿಗೆ ಇಳಿದ ಬೋಜ ಹುಟ್ಟಿದಂದಿನಿಂದ ತೀರ್ಥರಾಮನ ಮನೆಯಂಗಳದ ಹೊರಗೇ ನಿಂತವನು; ಎದುರಿಗೆ ಬಂದರೆ ದಾರಿ ಬಿಟ್ಟು ಸರಿದವನು. ಈಗ ತೀರ್ಥರಾಮನ ತಂದೆ ಕೂಸಪ್ಪ ಗೌಡರು ಮುಂದಿನ ಸಾಲಿನ ಕುರ್ಚಿಯಲ್ಲಿದ್ದರು.

"ಎಂತ ಮಾರಾಯ, ನಾನು ಕಚ್ಚುದಾ?" ತೀರ್ಥರಾಮ ಪಿಸುಗುಟ್ಟಿದ.

"ಸಣ್ಣ ಧಣಿ, ದೊಡ್ಡ ಧಣಿಗಳು ನೋಡ್ತಾ ಇದ್ದಾರೆ."

"ನೋಡ್ಲಿಕ್ಕೇ ಅಲ್ವಾ ಅವರು ಬಂದದ್ದು!"

"ಬಲ ಮೂಲೆ ಸಡಿಲ ಉಂಟು, ಅಲ್ಲಿಗೇ ಹೋಗು!" ಎಂದು ಪುತ್ತೂರಿನವರು ಅಬ್ಬರಿಸಿದರು. ದಾಳಿಗಾರ ಉಸಿರು ಕಟ್ಟಿ, "ಕಬಡ್ಡಿ, ಕಬಡ್ಡಿ" ಎನ್ನುತ್ತ ನೇರವಾಗಿ ಬೋಜನತ್ತಲೇ ಬಂದ. ಗೌಡರು ಕುರ್ಚಿಯಿಂದ ಎದ್ದು ನಿಂತರು. ಬೋಜ ಅವರನ್ನು ನೋಡಿದ, ದೃಷ್ಟಿ ತಗ್ಗಿಸಲಿಲ್ಲ. ತೀರ್ಥರಾಮ ಕೇಳುವ ಮೊದಲೇ ಕೈ ಚಾಚಿ, ಬೆವರಿನಿಂದ ಜಾರುತ್ತಿದ್ದ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ. ಆಮೇಲೆ, ಒಬ್ಬನೇ ಇದ್ದಿದ್ದರೆ ಖಂಡಿತ ಮುಗ್ಗರಿಸುತ್ತಿದ್ದಷ್ಟು ಮುಂದಕ್ಕೆ, ದಾಳಿಗಾರನ ಕಾಲಿನತ್ತ ಬಾಗಿದ.