ತೆರೆದೇ ಇರುತ್ತಿದ್ದ ಲ್ಯಾಪ್‌ಟಾಪ್

ಯಾರೂ ಮುಟ್ಟದಿದ್ದರೂ ಲ್ಯಾಪ್‌ಟಾಪಿನ ಕ್ಯಾಮೆರಾ ದೀಪ ಹೊತ್ತಿಕೊಂಡಿತು. ಶಾಹೀಸ್ತಾ ತಟ್ಟನೆ ಅದರ ಮೇಲೆ ಹೆಬ್ಬೆರಳಿಟ್ಟಳು.

"ನೋಡ್ರಿ, ಹೇಳಿದ್ನಲ್ಲ," ಎಂದ ಚನ್ನವೀರ. "ಯಾರೋ ನಮ್ಮನಿ ಒಳಗ ಹೊಕ್ಕಾರ."

ಮಸ್ಕಿಯಲ್ಲಿ ಬೀಜದ ಅಂಗಡಿ ಇಟ್ಟಿದ್ದ ಅವನು, ಸಿಂಧನೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶಾಹೀಸ್ತಾಳನ್ನು ಮನೆಗೇ ಕರೆಸಿಕೊಂಡಿದ್ದ. ಅವನ ಹೆಂಡತಿ ವಿಜಯಶ್ರೀ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅಂಥ ಸೆಕೆಯಲ್ಲೂ ಮುಂಗೈತನಕ ತೋಳಿನ ಕುಪ್ಪಸ.

"ದಿನಾ ಇಲ್ಲೇ ತೆರೆದಿಟ್ಟಿರ್ತಾಳ್ರಿ. ಬಿಸಿಎ ಓದ್ಯಾಳ. ಏನ್ ಉಪಯೋಗ? ವೈರಸ್ ಹೊಕ್ಕಿದ್ದೂ ಗೊತ್ತಾಗಿಲ್ಲ."

ಒಳಗೆ ಓಡುತ್ತಿದ್ದ ಪ್ರೋಗ್ರಾಮುಗಳನ್ನು ಶಾಹೀಸ್ತಾ ಒಂದೊಂದಾಗಿ ತಡವಿದಳು. ಪ್ರಿಂಟರಿನ ಹೆಸರು ಹೊತ್ತು ಒಂದು ಕೂತಿತ್ತು. ಆ ಮನೆಯಲ್ಲಿ ಪ್ರಿಂಟರೇ ಇರಲಿಲ್ಲ.

"ಟ್ರೋಜನ್ ಅಂತಾರ್ರಿ ಇದಕ್ಕ. ಹಿಂಬಾಗಿಲು ತೆಗೆದು ಕೊಡತೈತಿ. ಇಲ್ಲಿ ಮಾತು, ಚಿತ್ರ ಎಲ್ಲಾ ಒಂದು ಮೊಬೈಲ್ ನಂಬರಿಗೆ ಹೊಂಟಾವ."

ವಿಜಯಶ್ರೀಯ ಮುಖ ಬಿಳಿಚಿಕೊಂಡಿತು. ಶಾಹೀಸ್ತಾಳಿಗೆ ಸಿಟ್ಟು ಬಂತು. ಕದ್ದ ಫೋಟೋಗಳಿಂದ ಮಾನ ಕಳೆದುಕೊಂಡು ಅಂಗಡಿಗೆ ಬಂದು ಅತ್ತ ಹುಡುಗಿಯರನ್ನು ಅವಳು ಕಂಡಿದ್ದಳು.

"ಆ ನಂಬರ್ ನನಗ ಕೊಡ್ರಿ. ನಾ ನೋಡ್ಕೋತೀನಿ," ಎಂದ ಚನ್ನವೀರ.

ಅವಳು ಓದಿ ಹೇಳಿದಳು. ತನ್ನ ಫೋನಿನಲ್ಲೂ ಉಳಿಸಿಕೊಂಡಳು. ಆಮೇಲೆ ಇಂಟರ್ನೆಟ್ ಕಿತ್ತಳು. ಪ್ರೋಗ್ರಾಮನ್ನು ಅಳಿಸಿದಳು. ಯಂತ್ರ ಶುರುವಾದಾಗ ಅದು ಮತ್ತೆ ಎದ್ದು ಬರುವ ದಾರಿ ಹುಡುಕಿ, ಅದನ್ನೂ ಕಿತ್ತು ಹಾಕಿದಳು. ಪಾಸ್‌ವರ್ಡುಗಳು ಬದಲಾದವು. ಲ್ಯಾಪ್‌ಟಾಪ್ ಆರಿಸಿ ಹಚ್ಚಿದಾಗ ದೀಪ ಹೊತ್ತಲಿಲ್ಲ.

"ಎಲ್ಲಾ ತೆಗೆದ್ರೇನ್ರಿ? ಏನೂ ಉಳಿದಿಲ್ಲ?" ವಿಜಯಶ್ರೀ ಮೆಲ್ಲಗೆ ಕೇಳಿದಳು.

ಶಾಹೀಸ್ತಾ ಅವಳ ಕೈ ಹಿಡಿದಳು. ಅವಳು ಬೆಚ್ಚಿ ಹಿಂದಕ್ಕೆಳೆದುಕೊಂಡಳು. ನಾಚಿಕೆಯೆಂದುಕೊಂಡ ಶಾಹೀಸ್ತಾಳಿಗೆ ಕನಿಕರವಾಯಿತು.

"ಹೆದರಬ್ಯಾಡ್ರಿ ಅಕ್ಕಾರ. ಇನ್ಮ್ಯಾಲೆ ನೀವು ಯಾರಿಗೂ ಕಾಣಂಗಿಲ್ಲ. ನಿಮ್ಮ ದನಿ ಈ ಮನಿ ದಾಟಂಗಿಲ್ಲ. ಮತ್ತ ಏನರ ಆದ್ರ ನನಗ ಫೋನ್ ಮಾಡ್ರಿ."

"ಅಕಿ ಫೋನ್ ಇಟ್ಕೊಳ್ಳಂಗಿಲ್ರಿ," ಎಂದು ಚನ್ನವೀರ ನಕ್ಕ. "ನಾನಾ ಮಾಡ್ತೀನಿ."

ಸಿಂಧನೂರಿನ ಬಸ್ಸು ಮಸ್ಕಿ ದಾಟಿದರೂ ಅವಳ ಸಿಟ್ಟು ಇಳಿಯಲಿಲ್ಲ. ಆ ನಂಬರಿಗೆ ಫೋನ್ ಹಚ್ಚಿದಳು.

"ಮಸ್ಕಿ ಮನಿಯಾಗ ನೀ ತೆಗೆದಿದ್ದ ಬಾಗಿಲು ಮುಚ್ಚೀನಿ. ಇನ್ನೊಮ್ಮೆ ಆ ಹೆಣ್ಣುಮಗಳ ಕಡೆ ಕಣ್ಣು ಹಾಕಿದ್ರ ಪೊಲೀಸ್ ಠಾಣೆಗೆ ಹೋಗ್ತೀನಿ."

ಆ ಕಡೆ ಓಡುವ ಕಾರಿನ ಸದ್ದು. ಏದುಸಿರು ಬಿಡುವ ಹೆಂಗಸಿನ ದನಿ.

"ನೀವೇನ್ರಿ ಮುಚ್ಚಿದ್ದು? ವಿಜಿ ಹೆಂಗದಾಳ್ರಿ? ಪರದೆ ಕಪ್ಪಾದ ಕೂಡ್ಲೆ ಲಿಂಗಸೂಗೂರು ಬಿಟ್ಟೀನಿ."

ಶಾಹೀಸ್ತಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ನೀವ್ಯಾರ್ರಿ?"

"ಅಕಿ ಅಕ್ಕ ರೀ. ಅದನ್ನ ಹಾಕಿದಾಕಿ ವಿಜೀನಾ. ಅಕಿ ಗಂಡ ಹೊಡೆಯೂದು ಬ್ಯಾರೆ ಯಾರಿಗೂ ಕಾಣತಿರ್ಲಿಲ್ಲ."